ಇಳಿಜಾರು ಹೊಲದ ಮೇಲ್ಮಣ್ಣು ಉಳಿಸೋದು ಹೇಗೆ?

ಪ್ರಶ್ನೆ: ಒಂದೆಕರೆ ಇಳಿಜಾರು ಹೊಲ, 100 ಅಡಿಗೆ ಸುಮಾರು 20 ಅಡಿ ಇಳಿಯುತ್ತೆ. ಬಿರುಮಳೆ ಬಂದಾಗಲೆಲ್ಲ ಮೇಲ್ಮಣ್ಣು ಕೊಚ್ಚಿಹೋಗ್ತಿದೆ. ಕಲ್ಲು ಕಟ್ಟೋ ಶಕ್ತಿ ಇಲ್ಲ, ಯಂತ್ರ ಹೋಗೋ ದಾರಿ ಇಲ್ಲ. ಗಿಡದ ಸಾಲು ಹಾಕಿ ತಡೆಯಬಹುದು ಅಂತಾರೆ. ಬಲ್ಲವರು ಮೊದಲಿನಿಂದ ಹೇಳಿ.

ಉತ್ತರ 1: ಗಿಡಕ್ಕಿಂತ ಮೊದಲು ಗೆರೆ, ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ. ಸಾಲಿನಲ್ಲಿ ಒಂದೇ ಒಂದು ಕಡೆ ತಗ್ಗಿದ್ದರೂ ಉದ್ದಕ್ಕೂ ನಿಂತ ನೀರೆಲ್ಲ ಅಲ್ಲಿಗೇ ನುಗ್ಗಿ ಕೊರಕಲು ಬೀಳುತ್ತೆ. ಅಂಥ ಸಾಲಿಗಿಂತ ಸಾಲೇ ಇಲ್ಲದಿರೋದು ವಾಸಿ. ಕಣ್ಣಳತೆ ನಂಬಬೇಡಿ.

ಮಟ್ಟ ನೋಡೋಕೆ ಒಂದು ಚೌಕಟ್ಟು ಮಾಡಿಕೊಳ್ಳಿ: 7 ಅಡಿಯ ಎರಡು ಗಳಗಳನ್ನು ತುದಿಯಲ್ಲಿ ಕಟ್ಟಿ, ಬುಡದಲ್ಲಿ 6 ಅಡಿ ಅಗಲಿಸಿ, ನಡುಮಟ್ಟದಲ್ಲಿ 4 ಅಡಿಯ ಅಡ್ಡಪಟ್ಟಿ ಬಿಗಿಯಿರಿ. ತುದಿಯಿಂದ ದಾರ ಇಳಿಬಿಟ್ಟು, ಅಡ್ಡಪಟ್ಟಿಗಿಂತ ಕೆಳಗೆ ತೂಗುವಂತೆ ಮುಷ್ಟಿಗಾತ್ರದ ಕಲ್ಲು ಕಟ್ಟಿ. ಎರಡು ಗೂಟಗಳ ಮೇಲೆ ಚೌಕಟ್ಟು ನಿಲ್ಲಿಸಿ, ದಾರ ಪಟ್ಟಿಯನ್ನು ದಾಟುವಲ್ಲಿ ಗುರುತು ಹಾಕಿ. ಕಾಲುಗಳನ್ನು ಅದಲುಬದಲು ಮಾಡಿ ಅದೇ ಗೂಟಗಳ ಮೇಲಿಟ್ಟು ಇನ್ನೊಂದು ಗುರುತು. ಎರಡರ ನಟ್ಟನಡುವೆ ಇರೋದೇ ಸರಿಮಟ್ಟ. ಆಮೇಲೆ ದಾರ ಆ ನಡುಗುರುತಿಗೆ ಬರುವಂತೆ ಕಾಲಿಡುತ್ತಾ, ಹೆಜ್ಜೆ ಹೆಜ್ಜೆಯಾಗಿ ಸಾಗುತ್ತಾ ಪ್ರತಿ ಕಾಲಿಗೊಂದು ಗೂಟ ಹೊಡೆಯಿರಿ. ಗಾಳಿ ಬೀಸುವ ಹೊತ್ತಿನಲ್ಲಿ ಈ ಕೆಲಸ ಬೇಡ, ಕಲ್ಲು ನಿಲ್ಲೋದೇ ಇಲ್ಲ.

ನಿಮ್ಮ ಇಳಿಜಾರಿಗೆ 5 ಮೀಟರಿಗೊಂದು ಸಾಲು ಸಾಕು. ಅಷ್ಟರಲ್ಲಿ ನೆಲ 1 ಮೀಟರ್ ಇಳಿದಿರುತ್ತೆ.

ಉತ್ತರ 2: ಮೇಲಿನವರು ಹೇಳಿದ ಸರಿಮಟ್ಟದ ಗೆರೆ ನೀರು ಬೇಗ ಇಂಗುವ ಮಣ್ಣಿಗೆ ಸರಿ. ಜಿಗುಟು ಮಣ್ಣಾದರೆ ನೀರು ನಿಂತು ಉಕ್ಕಿ ಸಾಲು ಒಡೆಯುತ್ತೆ. ಅಲ್ಲಿ ಗೆರೆಯನ್ನು 200ಕ್ಕೆ 1ರಷ್ಟು ಓರೆ ಮಾಡಿ: ಮುಂದಿನ ಕಾಲಿನ ಕೆಳಗೆ 9 ಮಿ.ಮೀ. ದಪ್ಪದ ಹಲಗೆ ಚೂರು ಕಟ್ಟಿಕೊಂಡು ಅಳೆದರೆ ಆಯ್ತು, ಗೆರೆ ತಾನಾಗಿ ಇಳಿಯುತ್ತಾ ಹೋಗುತ್ತೆ. ಆ ನೀರು ಇಳಿಯೋ ಕಡೆ ಹುಲ್ಲು ಬೆಳೆದ ಅಗಲವಾದ ಕಾಲುವೆ ಇರಲೇಬೇಕು. ಹುಲ್ಲು ಒಂದು ಹಂಗಾಮು ಮೊದಲೇ ಬೇರು ಹಿಡಿದಿರಬೇಕು. ಕೆಳಗಿನ ಹೊಲದವರ ಜೊತೆ ಮಾತಾಡದೆ ಕಾಲುವೆ ತಿರುಗಿಸಬೇಡಿ. ನಿಮ್ಮ ಮಣ್ಣು ಉಳಿಸಿ ಅವರದನ್ನು ಕೊಚ್ಚಿದ ಹಾಗಾಗುತ್ತೆ.

ಉತ್ತರ 3: ಗಿಡದ ವಿಷಯ. ಗ್ಲಿರಿಸೀಡಿಯಾವನ್ನು (ಹಸಿರು ಸೊಪ್ಪಿನ ಗೊಬ್ಬರದ ಮರ) ಎಲ್ಲರೂ ಕೊಂಬೆಯ ಗೂಟ ನೆಟ್ಟೇ ಬೆಳೆಸ್ತಾರೆ. ಬೇಲಿಗೆ ಅದು ಸರಿ, ಆದರೆ ಗೂಟದಿಂದ ಬಂದ ಗಿಡಕ್ಕೆ ತಾಯಿಬೇರು ಇರಲ್ಲ. ಇಳಿಜಾರಿಗೆ ಬೀಜ ಬಿತ್ತಿ: ಅರ್ಧ ಮೀಟರ್ ಅಂತರದಲ್ಲಿ ಎರಡು ಸಾಲು, ಒತ್ತೊತ್ತಾಗಿ. ಸಾಲಿನ ಬುಡಕ್ಕೆ ಲಾವಂಚ ಹಾಕಿ. ಎರಡು ಮೂರು ತೆಂಡೆಗಳ (ಬುಡದಿಂದ ಒಡೆದ ಮರಿಗಳ) ಹಿಡಿ, ಎಲೆ 20 ಸೆಂ.ಮೀ., ಬೇರು 10 ಸೆಂ.ಮೀ. ಉಳಿಸಿ ಕತ್ತರಿಸಿ, 10ರಿಂದ 15 ಸೆಂ.ಮೀ.ಗೊಂದು, ಮಳೆ ಹಿಡಿದ ಮೇಲೆ. ಸತ್ತ ಜಾಗವನ್ನು ಅದೇ ಮಳೆಗಾಲದಲ್ಲಿ ತುಂಬಿ. ಮೊದಲ ವರ್ಷ ಕಳೆ ಮುಚ್ಚಿಕೊಂಡರೆ ಸಾಲು ಏಳಲ್ಲ.

ಒಂದೇ ಜಾತಿ ನಂಬಬೇಡಿ. ಫಿಲಿಪೈನ್ಸ್‌ನ ಮಿಂಡನಾವೋದಲ್ಲಿ 1970ರ ದಶಕದಲ್ಲಿ ಇದೇ ಪದ್ಧತಿ ರೂಪುಗೊಂಡಾಗ ಹೆಚ್ಚಾಗಿ ಹಾಕಿದ್ದು ಸುಬಾಬುಲ್ ಅನ್ನೋ ಮೇವಿನ ಮರ. 1980ರ ದಶಕದ ನಡುವೆ ರಸ ಹೀರುವ ಜಿಗಿಹೇನು ಬಂದು ಆ ಸಾಲುಗಳನ್ನು ಹಾಳು ಮಾಡಿತು. ಆಮೇಲೆ ಅಲ್ಲಿ ಬೇರೆ ಬೇರೆ ಜಾತಿ ಬೆರೆಸೋದು ಶುರುವಾಯ್ತು.

ಗಿಡ ಆಳೆತ್ತರ ದಾಟಿದ ಮೇಲೆ ಮೊಣಕಾಲೆತ್ತರಕ್ಕೆ ಸವರಿ. ಆಮೇಲೆ ಮಳೆಗಾಲದಲ್ಲಿ ಸುಮಾರು 45 ದಿನಕ್ಕೊಮ್ಮೆ. ಬಿಟ್ಟರೆ ನೆರಳು ಬಿದ್ದು ಬೆಳೆ ಸೊರಗುತ್ತೆ. ಸವರಿದ ಸೊಪ್ಪನ್ನು ಸಾಲಿನ ಮೇಲ್ಬದಿಗೆ ಒತ್ತಿಡಿ, ಹರಿದು ಬರೋ ಮಣ್ಣು ಅಲ್ಲಿ ನಿಲ್ಲುತ್ತೆ.

ಉತ್ತರ 4: ಸೊಪ್ಪನ್ನು ಮೇಲ್ಬದಿಗೆ ಒತ್ತಿಡಿ ಅನ್ನೋ ಮೇಲಿನವರ ಕೊನೆಯ ಮಾತು ಮೊದಲೆರಡು ವರ್ಷಕ್ಕೆ ಮಾತ್ರ ಸರಿ. ಮೂರನೇ ವರ್ಷಕ್ಕೆ ನೋಡಿ: ಎರಡು ಸಾಲಿನ ನಡುವಿನ ಪ್ರತಿ ಹೊಲದ ಪಟ್ಟಿಯ ಕೆಳತುದಿಯಲ್ಲಿ ಮಣ್ಣು ಗುಡ್ಡೆಯಾಗಿ ಬೆಳೆ ಕಡುಹಸಿರು, ಮೇಲ್ತುದಿಯಲ್ಲಿ ಕೆಂಪು ತಳಮಣ್ಣು ಬಯಲಾಗಿ ಬೆಳೆ ಹಳದಿ. ಉಳುವಾಗ ಮಣ್ಣು ಕೆಳಕ್ಕೇ ಜಾರೋದು ಇದಕ್ಕೆ ಕಾರಣ. ಆಗ ಸೊಪ್ಪು, ಗೊಬ್ಬರ ಎರಡನ್ನೂ ಸಾಲಿನ ಕೆಳಬದಿಗೆ, ಅಂದರೆ ಆ ಬಡಕಲು ಜಾಗಕ್ಕೇ ಹಾಕಿ. ಉಳುಮೆ ಆದಷ್ಟು ಕಡಿಮೆ ಮಾಡಿ.

ಇನ್ನೊಂದು: 5 ಮೀಟರಿಗೊಂದರಂತೆ 1 ಮೀಟರ್ ಅಗಲದ ಸಾಲು ಅಂದರೆ ಐದರಲ್ಲೊಂದು ಪಾಲು ನೆಲ ಬಿಟ್ಟ ಹಾಗೆ. ಇದನ್ನು ಮನೆಯಲ್ಲಿ ಮೊದಲೇ ಕೂತು ಮಾತಾಡಿಕೊಳ್ಳಿ, ಇಲ್ಲದಿದ್ದರೆ ಎರಡನೇ ವರ್ಷ ಸಾಲು ಕಿತ್ತು ಬಿತ್ತೋ ಆಸೆ ಹುಟ್ಟುತ್ತೆ. ಎಕರೆಗೆ 800 ಮೀಟರ್ ಸಾಲು ಬರುತ್ತೆ, ಒಬ್ಬರ ಕೈಲಿ ಆಗಲ್ಲ. ಅಕ್ಕಪಕ್ಕದವರ ಜೊತೆ ಮುಯ್ಯಾಳು ಮಾಡಿಕೊಳ್ಳಿ, ಅದೇ ದಿನ ಮೇವಿನ ಮಾತೂ ಮುಗಿಸಿ: ಮೊದಲ ವರ್ಷ ಆಡು ಬಿಡೋ ಹಾಗಿಲ್ಲ, ಆಮೇಲೆ ಸವರಿದ ಸೊಪ್ಪಲ್ಲಿ ಅವರಿಗೂ ಪಾಲು. ಗ್ಲಿರಿಸೀಡಿಯಾ ಸೊಪ್ಪನ್ನು ಬಾಡಿಸಿ ಕೊಟ್ಟರೆ ಆಡು ತಿನ್ನುತ್ತೆ, ಕುದುರೆಗೆ ಮಾತ್ರ ಅದು ವಿಷ.