ಅಜ್ಜನ ಮಳೆ ಪುಸ್ತಕದಲ್ಲಿ ರಷ್ಯಾ: ದೊಡ್ಡ ದೇಶಗಳ ವ್ಯಾಪಾರ ನೀತಿ ಓದಲು ಎಲ್ಲಿಂದ ಶುರು ಮಾಡಲಿ?

ಸುಂಟಿಕೊಪ್ಪದ ಹುಡುಗಿ
ಎಲ್ಲರಿಗೂ ನಮಸ್ಕಾರ. ನಾನು ರಾಜ್ಯಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ದೊಡ್ಡ ದೇಶಗಳ ವ್ಯಾಪಾರ ಮತ್ತು ವಿದೇಶಾಂಗ ನೀತಿ ಬಗ್ಗೆ ಪ್ರಬಂಧ ಬರೀಬೇಕು. ಇಷ್ಟು ದಿನ ಓದಿದ್ದೆಲ್ಲ ಯಾರದೋ ಊರಿನ ಕಥೆ ಅನ್ನಿಸುತ್ತಿತ್ತು. ಹೋದ ವಾರ ಅಟ್ಟದಲ್ಲಿ, ಕಾಫಿ ಬೆಳೆಯುತ್ತಿದ್ದ ಅಜ್ಜನ ಮಳೆ ಪುಸ್ತಕಗಳು ಸಿಕ್ಕಿದವು. ದಿನದಿನದ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟಿದ್ದಾರೆ. 1992ರ ಮಾರ್ಚ್ ಪುಟದಲ್ಲಿ, ಕಾಫಿ ಹೂ ಅರಳಿಸುವ ಮಳೆ ಬಂದ ದಿನ, ‘ಹೂಮಳೆ 1 ಇಂಚು 15 ಸೆಂಟ್’ ಅಂತಿದೆ. ಅದರ ಕೆಳಗೆ ಪೆನ್ಸಿಲಿನಲ್ಲಿ, ‘ರಷ್ಯಾದವರು ಈ ಸಲ ತಗೊಳ್ತಾರಾ?’ ನನಗೆ ಮೈ ಜುಮ್ಮೆಂದಿತು. ಇದನ್ನೇ ಹಿಡಿದು ಬರೆಯಬಹುದಾ? ಯಾರನ್ನು ಓದಲಿ?

ಪಾಲಿಬೆಟ್ಟದ ಮೇಷ್ಟ್ರು
ಖಂಡಿತ ಬರಿಯಮ್ಮ. ಮೊದಲು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಶ್‌ಮನ್ ಓದು. 1930ರ ದಶಕದಲ್ಲಿ ಜರ್ಮನಿ ಬಲ್ಗೇರಿಯಾ, ಹಂಗೇರಿಯಂಥ ದೇಶಗಳ ಬೆಳೆ ಕೊಂಡು, ಅವು ತನ್ನ ಕೈ ಬಿಡಲಾಗದಂತೆ ಹೇಗೆ ಮಾಡಿತು ಅಂತ ಅವರು 1945ರಲ್ಲೇ ಬರೆದರು. ಕೊಳ್ಳುವವನ ಕೈಯಲ್ಲೂ ಬಲ ಇರುತ್ತದೆ ಅನ್ನೋದು ಅವರ ಮಾತು.

ಆಮೇಲೆ ಕಾಫಿ ವ್ಯಾಪಾರದ ರಾಜಕೀಯಕ್ಕೆ ರಾಜ್ಯಶಾಸ್ತ್ರಜ್ಞ ರಾಬರ್ಟ್ ಬೇಟ್ಸ್. 1962ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದ ಆಯಿತು. ಯಾವ ದೇಶ ಎಷ್ಟು ಕಳಿಸಬೇಕು ಅಂತ ಕೋಟಾ ಇಟ್ಟರು, ಬೆಲೆ ಬೀಳಬಾರದು ಅಂತ. ಅತಿ ಹೆಚ್ಚು ಕಾಫಿ ಕೊಳ್ಳುವ ಅಮೆರಿಕ ಜಾಸ್ತಿ ದುಡ್ಡು ಕೊಡಲು ಯಾಕೆ ಒಪ್ಪಿತು? ಕ್ಯೂಬಾ ಕ್ರಾಂತಿ ಆಗಿ ಮೂರೇ ವರ್ಷ ಆಗಿತ್ತು ನೋಡು. ಬೆಲೆ ಕುಸಿದರೆ ಲ್ಯಾಟಿನ್ ಅಮೆರಿಕದ ಬೆಳೆಗಾರರು ಕಮ್ಯುನಿಸ್ಟರ ಕಡೆ ಹೋಗುತ್ತಾರೆ ಅನ್ನುವ ಭಯ. ಯಾವ ದೇಶದ ಕಾಫಿ ಅಂತ ಹೇಳುವ ಮೂಲ ಪ್ರಮಾಣಪತ್ರ ಇಲ್ಲದ ಮೂಟೆಯನ್ನು ಅಮೆರಿಕದ ಬಂದರಿನಲ್ಲೇ ತಡೆಯುತ್ತಿದ್ದರು. ಕೋಟಾ ನಿಂತಿದ್ದೇ ಆ ಕಾಗದದ ಮೇಲೆ. ಶೀತಲ ಸಮರ ತಣ್ಣಗಾಗುತ್ತಾ ಬಂತು, ಬ್ರೆಜಿಲ್ ತನ್ನ ಪಾಲು ಬಿಡಲಿಲ್ಲ. 1989ರ ಜುಲೈನಲ್ಲಿ ಕೋಟಾ ಮುರಿಯಿತು. ಬೆಲೆ ಪಾತಾಳಕ್ಕೆ ಹೋಯಿತು.

ಶನಿವಾರಸಂತೆ ಬೆಳೆಗಾರ
ಮೇಷ್ಟ್ರೇ, ಹಿರ್ಶ್‌ಮನ್ ಮಾತು ರಷ್ಯಾಕ್ಕೆ ಹೊಂದಲ್ಲ ಅಂತ ನನಗನ್ನಿಸುತ್ತದೆ. 1980ರ ದಶಕದಲ್ಲಿ ಸೋವಿಯತ್ ಒಕ್ಕೂಟ ಆ ಒಪ್ಪಂದದಲ್ಲೇ ಇರಲಿಲ್ಲ. ಹಾಗಾಗಿ ಅಲ್ಲಿಗೆ ಕಳಿಸಿದ್ದು ಕೋಟಾಕ್ಕೆ ಸೇರುತ್ತಿರಲಿಲ್ಲ. ವ್ಯಾಪಾರವೆಲ್ಲ ರೂಪಾಯಿಯಲ್ಲಿ, ಡಾಲರ್ ಬೇಕಿರಲಿಲ್ಲ. ಕಾಫಿ, ಚಹಾ ನಮ್ಮಿಂದ ಹೋಗುತ್ತಿತ್ತು, ಯಂತ್ರ, ಆಯುಧ ಅಲ್ಲಿಂದ ಬರುತ್ತಿತ್ತು. ಕಾಫಿ ಹಿಡಿದು ಅವರು ನಮ್ಮ ಕತ್ತು ಹಿಸುಕಿದ್ದನ್ನು ನಾನಂತೂ ಕಾಣಲಿಲ್ಲ. ಆಗ ಎಲ್ಲರ ಕಾಫಿಯನ್ನೂ ಕಾಫಿ ಬೋರ್ಡೇ ಒಟ್ಟುಗೂಡಿಸಿ (ಅದೇ ಪೂಲ್) ಮಾರುತ್ತಿತ್ತು. ನಮ್ಮಪ್ಪ ಬೋರ್ಡಿನ ಡಿಪೋಗೆ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಹಾಕಿ, ಪೂಲ್ ದುಡ್ಡು ಕಂತು ಕಂತಾಗಿ ತಗೊಳ್ಳುತ್ತಿದ್ದರು, ಅಷ್ಟೇ.

ಪಾಲಿಬೆಟ್ಟದ ಮೇಷ್ಟ್ರು
ಒಳ್ಳೇ ಮಾತು. ಹಿಸುಕಲಿಲ್ಲ, ಒಪ್ಪಿದೆ. ಆದರೆ 1991ರ ಡಿಸೆಂಬರಿನಲ್ಲಿ ಆ ದೇಶವೇ ಇಲ್ಲವಾಯಿತಲ್ವಾ? ಒಬ್ಬನನ್ನೇ ನಂಬಿದರೆ, ಅವನು ಕೆಟ್ಟವನಾಗಬೇಕಿಲ್ಲ, ಇಲ್ಲವಾದರೂ ಸಾಕು. ನಿನ್ನ ಪ್ರಬಂಧದ ಜೀವ ಇಲ್ಲಿದೆ ತಾಯಿ. 1989, 1991 ಎರಡನ್ನೂ ಸುಮ್ನೆ ಒಟ್ಟಿಗೆ ಕಟ್ಟಬೇಡ. ಒಂದು ಅಮೆರಿಕದ ಲೆಕ್ಕ, ಇನ್ನೊಂದು ರಷ್ಯಾದ್ದು. 1989ರ ಪುಸ್ತಕ ಇದ್ದರೆ ಜುಲೈ ಪುಟ ನೋಡು.

ಸುಂಟಿಕೊಪ್ಪದ ಹುಡುಗಿ
ಈಗಷ್ಟೇ ತೆಗೆದು ನೋಡಿದೆ ಸರ್. ಆ ಜುಲೈ ತುಂಬಾ ಬರೀ ಮಳೆ. ಒಂದು ಮರ ಬಿದ್ದಿದ್ದು, ಹಸು ಕರು ಹಾಕಿದ್ದು. ಕಾಫಿ ಬೆಲೆಯ ಮಾತೇ ಇಲ್ಲ. ಪೂಲ್ ಕಂತು ಬರುವುದು ತಡವಾಗುತ್ತಿತ್ತಲ್ಲ, ಬಹುಶಃ ಕುಸಿತದ ಬಿಸಿ ಅಜ್ಜನವರೆಗೆ ಆಗಿನ್ನೂ ಬಂದೇ ಇರಲಿಲ್ಲ. ಬೆಲೆಯ ಮಾತು ಮೊದಲು ಯಾವ ಪುಟದಲ್ಲಿ ಬರುತ್ತದೆ ಅಂತ ಇವತ್ತು ರಾತ್ರಿ ಅಪ್ಪನ ಜೊತೆ ಕೂತು ಹುಡುಕುತ್ತೇನೆ.