ತಾಮ್ರದೊಳಗಿನ 81,000 ಕೆಲ್ವಿನ್: ಫರ್ಮಿ ಅನಿಲದ ಲೆಕ್ಕವನ್ನು ಎಷ್ಟು ನಂಬಬಹುದು?

ಹೊಸಬ: ತಾಮ್ರದ ಎಲೆಕ್ಟ್ರಾನುಗಳನ್ನು ಆದರ್ಶ ಫರ್ಮಿ ಅನಿಲ (ಒಂದನ್ನೊಂದು ತಳ್ಳದ, ಒಂದು ಸ್ಥಿತಿಗೆ ಒಂದೇ ಇರುವ ಕಣಗಳ ಗುಂಪು) ಅಂದುಕೊಂಡು ಲೆಕ್ಕ ಹಾಕಿದೆ. ಸಾಂದ್ರತೆ ಘನ ಸೆಂ.ಮೀ.ಗೆ 8.96 ಗ್ರಾಂ, ಪರಮಾಣು ತೂಕ 63.5, ಪರಮಾಣುವಿಗೊಂದು ಬಿಡಿ ಎಲೆಕ್ಟ್ರಾನ್. ಅಂದರೆ ಘನ ಮೀಟರಿಗೆ 8.5 × 10²⁸. ಅದನ್ನು ಪೈ ವರ್ಗದ ಮೂರು ಪಟ್ಟಿನಿಂದ ಗುಣಿಸಿ ಘನಮೂಲ ತೆಗೆದರೆ ಫರ್ಮಿ ಅಲೆಸಂಖ್ಯೆ, ಮೀಟರಿಗೆ 1.36 × 10¹⁰. ಅದರಿಂದ ಫರ್ಮಿ ಶಕ್ತಿ, ಅಂದರೆ ಸೊನ್ನೆ ಕೆಲ್ವಿನ್‌ನಲ್ಲಿ ಭರ್ತಿಯಾದ ಅತಿ ಮೇಲಿನ ಸ್ಥಿತಿಯ ಶಕ್ತಿ, 7 ಎಲೆಕ್ಟ್ರಾನ್ ವೋಲ್ಟ್. ಇಲ್ಲಿತನಕ ಸರಿ. ಇದನ್ನೇ ತಾಪಮಾನಕ್ಕೆ ಬದಲಿಸಿದರೆ 81,000 ಕೆಲ್ವಿನ್ ಚಿಲ್ಲರೆ ಬರುತ್ತದೆ! ತಾಮ್ರ ಕರಗುವುದೇ 1358ಕ್ಕೆ. ಇದೇನು ಕಥೆ?

ಅರ್ಧಸ್ಪಿನ್: ಲೆಕ್ಕ ಸರಿ ಇದೆ. ಆದರೆ ಅದು ಕಾವಿನ ಶಕ್ತಿ ಅಲ್ಲ. ಪೌಲಿ ನಿಯಮದ ಪ್ರಕಾರ ಒಂದು ಸ್ಥಿತಿಯಲ್ಲಿ ಒಂದೇ ಎಲೆಕ್ಟ್ರಾನ್. ಕೆಳಗಿನ ಸ್ಥಿತಿಗಳು ಭರ್ತಿಯಾದರೆ ಉಳಿದವು ಮೇಲೆ ಹೋಗಲೇಬೇಕು. ಸೊನ್ನೆ ಕೆಲ್ವಿನ್‌ನಲ್ಲೂ ಹಾಗೇ. ನೀವು ನೋಡಬೇಕಾದ್ದು 300ನ್ನು 81,000ದಿಂದ ಭಾಗಿಸಿದರೆ ಬರುವ 0.0037. ಅದು ಇಷ್ಟು ಚಿಕ್ಕದಾಗಿರೋದರಿಂದಲೇ ಸೊನ್ನೆ ಕೆಲ್ವಿನ್ ಸೂತ್ರವನ್ನು ಧೈರ್ಯವಾಗಿ ಬಳಸಬಹುದು.

ಹೊಸಬ: ಹಾಗಾದ್ರೆ ಸರಾಸರಿ ಶಕ್ತಿ 3.5 ಅಲ್ವಾ? ಸೊನ್ನೆಯಿಂದ 7ರವರೆಗೆ ತುಂಬಿದೆಯಲ್ಲ.

ಅರ್ಧಸ್ಪಿನ್: ಇಲ್ಲ, 4.2. ಶಕ್ತಿ ಏರಿದಂತೆ ಸ್ಥಿತಿಗಳ ಸಂಖ್ಯೆಯೂ ಅದರ ವರ್ಗಮೂಲದ ಹಾಗೆ ಏರುತ್ತದೆ. ಮೇಲ್ಗಡೆ ಜನ ಜಾಸ್ತಿ. ಹಾಗಾಗಿ ಸರಾಸರಿ ಐದರಲ್ಲಿ ಮೂರು ಪಾಲು.

ಹಳೇ_ಚಾಕ್: ಇದರ ಹಿಂದೆ ಒಂದು ಹಳೇ ತಲೆನೋವಿದೆ. ಪ್ರತಿ ಎಲೆಕ್ಟ್ರಾನೂ ಕಾವು ಹೀರಿಕೊಂಡರೆ ತಲಾ ಒಂದೂವರೆ ಬೋಲ್ಟ್ಸ್‌ಮನ್ ಸ್ಥಿರಾಂಕದಷ್ಟು ಉಷ್ಣಧಾರಕತೆ (ಒಂದು ಡಿಗ್ರಿ ಏರಿಸಲು ಬೇಕಾದ ಕಾವು) ಬರಬೇಕಿತ್ತು. ಲೋಹಗಳಲ್ಲಿ ಅಳೆದರೆ ಅದು ಕಾಣಿಸುತ್ತಲೇ ಇರಲಿಲ್ಲ. 1926ರಲ್ಲಿ ಫರ್ಮಿ, ಡಿರಾಕ್ ಹೊಸ ಎಣಿಕೆ ಕೊಟ್ಟರು. ಅದನ್ನು ಲೋಹಕ್ಕೆ ಹಚ್ಚಿ ಗಂಟು ಬಿಡಿಸಿದ್ದು ಸೊಮರ್‌ಫೆಲ್ಡ್. ಕಿಕ್ಕಿರಿದ ಬಸ್ಸಲ್ಲಿ ನಡುವೆ ಸಿಕ್ಕಿಕೊಂಡವರು ಅಲ್ಲಾಡೋಕಾಗಲ್ಲ, ಬಾಗಿಲ ಹತ್ತಿರದವರಿಗಷ್ಟೇ ಜಾಗ. ಇಲ್ಲೂ ಫರ್ಮಿ ಮಟ್ಟದ ಅಂಚಿನವು ಮಾತ್ರ ಕಾವು ತೆಗೆದುಕೊಳ್ಳುತ್ತವೆ. ಪೈ ವರ್ಗದ ಅರ್ಧವನ್ನು ಆ 0.0037ರಿಂದ ಗುಣಿಸಿ: 0.018. ಒಂದೂವರೆ ಎಲ್ಲಿ, ಇದೆಲ್ಲಿ!

ತಗಾದೆ: ಎಲ್ಲ ಚೆನ್ನಾಗಿದೆ, ಆದರೆ ಎಲೆಕ್ಟ್ರಾನುಗಳು ಒಂದನ್ನೊಂದು ತಳ್ಳುವುದನ್ನು ಸುಮ್ನೆ ಮರೆತುಬಿಟ್ಟಿರಲ್ಲ? ಒತ್ತಡ ಹಾಕಿ ನೋಡಿ. ಶಕ್ತಿ ಸಾಂದ್ರತೆಯ ಮೂರರಲ್ಲಿ ಎರಡು ಪಾಲು, ಅಂದರೆ 38 ಗಿಗಾ ಪ್ಯಾಸ್ಕಲ್. ಅದರಿಂದ ಬಲ್ಕ್ ಮಾಡ್ಯುಲಸ್, ಅಂದರೆ ಹಿಂಡಿದರೆ ಎಷ್ಟು ಎದುರಿಸುತ್ತದೆ ಎಂಬ ಅಳತೆ, 64 ಗಿಗಾ ಪ್ಯಾಸ್ಕಲ್. ತಾಮ್ರದ ನಿಜವಾದ ಮೌಲ್ಯ ಅದರ ಎರಡು ಪಟ್ಟಿಗೂ ಜಾಸ್ತಿ. ಇದನ್ನು ಗೆಲುವು ಅಂತೀರಾ?

ಅರ್ಧಸ್ಪಿನ್: ಅಂತೀನಿ. ಹಾಕಿದ್ದು ಸಾಂದ್ರತೆ, ಎಲೆಕ್ಟ್ರಾನ್ ತೂಕ, ಪ್ಲ್ಯಾಂಕ್ ಸ್ಥಿರಾಂಕ, ಅಷ್ಟೇ. ಉತ್ತರ ಹೊಂದಲಿ ಅಂತ ಯಾವ ಸಂಖ್ಯೆಯನ್ನೂ ತಿರುಚಿಲ್ಲ. ಪೊಟ್ಯಾಸಿಯಮ್‌ಗೆ ಇದೇ ಲೆಕ್ಕ ಮಾಡಿ: ಬಲ್ಕ್ ಮಾಡ್ಯುಲಸ್ ಬರುವುದು 3.2 ಗಿಗಾ ಪ್ಯಾಸ್ಕಲ್, ಅಳೆದದ್ದು 2.8.

ತಗಾದೆ: ಪೊಟ್ಯಾಸಿಯಮ್ ಸಾಧು ಲೋಹ, ಅದನ್ನೇ ಆರಿಸಿಕೊಂಡಿರಿ. ತಾಮ್ರದಲ್ಲಿ ಪರಮಾಣುವಿನ ಒಳಗಿನ ಎಲೆಕ್ಟ್ರಾನ್ ಪದರಗಳು, ಅಂದರೆ ಡಿ ಕವಚಗಳೂ ಒಂದಕ್ಕೊಂದು ಒತ್ತುತ್ತವೆ. ಅದು ನಿಮ್ಮ ಅನಿಲದಲ್ಲಿ ಇಲ್ಲವೇ ಇಲ್ಲ. ಎಲೆಕ್ಟ್ರಾನ್ ಉಷ್ಣಧಾರಕತೆಯೂ ಅಳೆದಾಗ ಲೆಕ್ಕದ 1.4 ಪಟ್ಟು.

ಹಳೇ_ಚಾಕ್: ಆ 1.4ನ್ನು ಎಲೆಕ್ಟ್ರಾನಿನ ತೂಕವೇ ಅಷ್ಟು ಪಟ್ಟಾದಂತೆ ಓದಬಹುದು. ಚೌಕಟ್ಟು ಉಳಿಯುತ್ತದೆ, ತೂಕ ಬದಲಾಗುತ್ತದೆ. ಭೌತವಿಜ್ಞಾನಿ ಲ್ಯಾಂಡೌ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಅಂಚಿನ ಹತ್ತಿರ ಡಿಕ್ಕಿ ಹೊಡೆಯಲು ಖಾಲಿ ಸ್ಥಿತಿಗಳೇ ಕಡಿಮೆ. ಅದಕ್ಕೇ ಅವು ಬಿಡಿ ಕಣಗಳ ಹಾಗೆ ಕಾಣುತ್ತವೆ.

ಸೊನ್ನೆ_ಕೆಲ್ವಿನ್: ನಡುವೆ ಬಾಯಿ ಹಾಕ್ತೀನಿ. ಹೊಸಬರೇ, ಆ 3 ಪೈ ವರ್ಗವನ್ನು ಎಲ್ಲ ಕಡೆ ಹಾಕಬೇಡಿ. ಅದರಲ್ಲಿ ಎರಡು ಸ್ಪಿನ್ (ಕಣದ ಒಳಗಿನ ತಿರುಗುವಿಕೆಯಂಥ ಗುಣ, ಎಲೆಕ್ಟ್ರಾನಿಗೆ ಎರಡು ಬಗೆ) ಅಡಗಿದೆ. ಎಲ್ಲ ಕಣಗಳೂ ಒಂದೇ ಸ್ಪಿನ್ ಆಗಿದ್ದರೆ 6 ಪೈ ವರ್ಗ. ಅಷ್ಟಕ್ಕೇ ಫರ್ಮಿ ಶಕ್ತಿ 1.59 ಪಟ್ಟಾಗುತ್ತದೆ. ತಣ್ಣನೆ ಪರಮಾಣುಗಳಲ್ಲಿ ಇದು ದಿನನಿತ್ಯದ ವಿಷಯ. 1999ರಲ್ಲಿ ಡಿಮಾರ್ಕೊ ಮತ್ತು ಜಿನ್ ಪೊಟ್ಯಾಸಿಯಮ್-40 ಅನಿಲವನ್ನು ತಣ್ಣಗಾಗಿಸುವಾಗ ಎರಡು ಸ್ಪಿನ್ ಸ್ಥಿತಿ ಬೇಕೇ ಬೇಕಾಯಿತು. ಒಂದೇ ಸ್ಥಿತಿಯವು ಆ ತಣ್ಣಗಿನಲ್ಲಿ ಡಿಕ್ಕಿಯೇ ಹೊಡೆಯುವುದಿಲ್ಲ, ಮತ್ತೆ ತಣ್ಣಗಾಗೋದು ಹೇಗೆ?

ಹೊಸಬ: ಹಾಗಾದರೆ ಈ ಲೆಕ್ಕ ಎಲ್ಲಿ ಕೈ ಕೊಡುತ್ತದೆ? ಒಂದು ಉದಾಹರಣೆ ಕೊಡಿ, ನಾನೇ ಮಾಡಿ ನೋಡ್ತೀನಿ.

ತಗಾದೆ: ದ್ರವ ಹೀಲಿಯಂ-3. ಸಾಂದ್ರತೆ ಘನ ಸೆಂ.ಮೀ.ಗೆ 0.082 ಗ್ರಾಂ, ಪರಮಾಣು ತೂಕ 3, ಸ್ಪಿನ್ ಸ್ಥಿತಿಗಳು ಎರಡು. ಫರ್ಮಿ ತಾಪಮಾನ 5 ಕೆಲ್ವಿನ್ ಆಸುಪಾಸು ಬರಬೇಕು. ಆಮೇಲೆ ತೀರಾ ತಣ್ಣಗಿನ ಉಷ್ಣಧಾರಕತೆ ಹಾಕಿ, ಅಳೆದದ್ದರ ಜೊತೆ ಹೋಲಿಸಿ. ಸುಮಾರು ಮೂರು ಪಟ್ಟು ವ್ಯತ್ಯಾಸ ಸಿಗುತ್ತದೆ.

ಹಳೇ_ಚಾಕ್: ಅಲ್ಲೂ ತೂಕ ಬದಲಿಸಿದರೆ ಆಯ್ತು.

ತಗಾದೆ: ಮೂರು ಪಟ್ಟು ತೂಕ ಏರಿಸಿದ ಮೇಲೂ ಅದನ್ನು ಆದರ್ಶ ಅನಿಲ ಅಂತೀರಾ ಸರ್?