ಸಾಲಿಯೊಳಗ ಹೆಸರಿಲ್ಲದ ದೂರಿನ ಪೆಟ್ಟಿಗಿ: ಹೆಂಗ ನಡಸಬೇಕು?

ಕೇಳಿದವರು (ಜಮಖಂಡಿ ತಾಲೂಕು): ಮಕ್ಕಳು ಹೆಸರು ಬರೀದ ದೂರು ಹಾಕಾಕ ಒಂದು ಪೆಟ್ಟಿಗಿ ಇಡೂದು ಅಂತ ನಮ್ಮೂರ ಸರ್ಕಾರಿ ಸಾಲಿ ಎಸ್‌ಡಿಎಂಸಿಯೊಳಗ (ಸಾಲಿ ಅಭಿವೃದ್ಧಿ ಸಮಿತಿ) ಠರಾವ ಆಗೇತಿ. ಎಲ್ಲಿ ಇಡೂದು, ಕೀಲಿಕೈ ಯಾರ ಕಡೆ ಇರಬೇಕು, ಚೀಟಿ ಬಂದಮ್ಯಾಲ ಮುಂದೇನು? ಗೊತ್ತಿದ್ದವರು ಹೇಳ್ರಿ.

ಬಾಗಲಕೋಟೆ: ಹೆಡ್‌ಮಾಸ್ತರ ಖೋಲಿ ಮುಂದ ಮಾತ್ರ ಬ್ಯಾಡ್ರಿ. ಯಾರು ಹಾಕಿದ್ರು ಅಂತ ಅಲ್ಲೇ ಗೊತ್ತಾಗ್ತೈತಿ. ಕುಡಿಯೂ ನೀರಿನ ನಳದ ಹಾದಿ ಚಲೋ. ಅಲ್ಲಿ ಯಾವ ಹುಡುಗ ನಿಂತ್ರೂ ಯಾಕ ನಿಂತಿ ಅಂತ ಯಾರೂ ಕೇಳೂದಿಲ್ಲ. ಸಿಸಿ ಕ್ಯಾಮೆರಾದಾಗ ಕಾಣಬಾರದು. ಒಂದನೇ ಇಯತ್ತೆ ಮಕ್ಕಳಿಗೂ ಎಟುಕಬೇಕಂದ್ರ ಬಾಯಿ ನೆಲದಿಂದ ಮೂರು ಅಡಿ ಎತ್ತರ ಇರಲಿ.

ತಗಡಿನ ಪೆಟ್ಟಿಗಿ ಮಾಡಸ್ರಿ. ಬಾಯಿ ನಾಲ್ಕು ಇಂಚು ಉದ್ದ, ಅರ್ಧ ಇಂಚು ಅಗಲ ಸಾಕು. ಬಾಯಿ ಕೆಳಗ ಒಳಗೊಂದು ಓರೆ ತಗಡು ವೆಲ್ಡಿಂಗ್ ಮಾಡಸ್ರಿ, ಇಲ್ಲಂದ್ರ ಕಡ್ಡಿ ಹಾಕಿ ಚೀಟಿ ಎಳೀತಾರ. ಗೋಡೆಗೆ ಹಚ್ಚಿದ ನಟ್ಟು ಒಳಗಿಂದ ಬಿಗೀಬೇಕು. ಕೀಲಿ ಎರಡು ಇರಲಿ: ಒಂದರ ಕೀಲಿಕೈ ಪಾಲಕರ ಪೈಕಿ ಒಬ್ಬ ತಾಯಿ ಕಡೆ, ಇನ್ನೊಂದರದು ಒಬ್ಬ ಶಿಕ್ಷಕಿ ಕಡೆ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಪ್ರಕಾರ ಸಮಿತಿಯೊಳಗ ಅರ್ಧದಷ್ಟು ಹೆಂಗಸರು ಇರಲೇಬೇಕು, ಹಂಗಾಗಿ ಸಿಗಲಿಲ್ಲ ಅನ್ನಾಕ ಬರೂದಿಲ್ಲ.

ಪೆಟ್ಟಿಗಿಗಿಂತ ದೊಡ್ಡ ತೊಡಕು ಅಕ್ಷರದ್ದು. ಇಪ್ಪತ್ತೈದು ಮಕ್ಕಳ ವರ್ಗದಾಗ ಯಾರ ಅಕ್ಷರ ಅಂತ ಮಾಸ್ತರರಿಗೆ ನೋಡಿದ ಕೂಡಲೇ ತಿಳೀತೈತಿ. ಅದಕ್ಕ ಶನಿವಾರ ಸಾಲಿ ಬಿಡೂಮುಂದ ಎಲ್ಲಾರಿಗೂ ಒಂದೇ ಅಳತಿ ಚೀಟಿ ಕೊಡ್ರಿ. ಅದರ ಮ್ಯಾಲ ಶೌಚಾಲಯ, ಮೈದಾನ, ಬಸ್ಸು, ಸಾಲಿ ಹಾದಿ ಇವುಗಳ ಚಿತ್ರ ಇರಲಿ. ಹುಡುಗರು ಗುರುತು ಹಾಕಿದ್ರ ಸಾಕು. ಹೇಳೂದಿಲ್ಲದವರೂ ಖಾಲಿ ಚೀಟಿ ಮಡಚಿ ಹಾಕಬೇಕು. ಎಲ್ಲಾರೂ ಹಾಕಿದ್ರ ಯಾರ ಮ್ಯಾಲೂ ಕಣ್ಣು ಬೀಳೂದಿಲ್ಲ.

ವಿಜಯಪುರ: ಮೇಲಿನವರು ಇಡುವುದನ್ನು ಹೇಳಿದ್ದಾರೆ, ನಾನು ತೆರೆಯುವುದನ್ನು ಹೇಳುತ್ತೇನೆ. ವಾರಕ್ಕೊಮ್ಮೆ, ಗೊತ್ತಾದ ದಿನ, ಮೂವರ ಎದುರಿಗೆ ತೆರೆಯಿರಿ. ವಹಿಯಲ್ಲಿ ಚೀಟಿ ನಂಬರು, ತಾರೀಖು, ವಿಷಯ, ಕೈಗೊಂಡ ಕ್ರಮ ಬರೆದು ಮೂವರೂ ಸಹಿ ಮಾಡಲಿ. ಕಂಡದ್ದನ್ನೆಲ್ಲ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಚಟದವರನ್ನು ಈ ಕೆಲಸಕ್ಕೆ ಹಚ್ಚಬೇಡಿ. ದೂರು ಹೆಡ್‌ಮಾಸ್ತರರ ಅಥವಾ ಸಮಿತಿ ಅಧ್ಯಕ್ಷರ ಮೇಲೇ ಇದ್ದರೆ ಅವರನ್ನು ಬಿಟ್ಟು ನೇರ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಬರೆಯಿರಿ. ಮಕ್ಕಳನ್ನು ಹೊಡೆಯುವುದು, ಹೀಯಾಳಿಸುವುದು ಆರ್‌ಟಿಇ 17ನೇ ಕಲಂನಲ್ಲಿ ನಿಷೇಧ.

ಲೈಂಗಿಕ ಕಿರುಕುಳದ ಸುಳಿವಿದ್ದರೆ ಸಮಿತಿಯ ವಿಚಾರಣೆ, ರಾಜಿ ಯಾವುದೂ ಬೇಡ. ಮಗುವನ್ನು ಕರೆದು ಮತ್ತೆ ಮತ್ತೆ ಕೇಳಿದರೆ ಅದು ಹೆದರಿ ಬಾಯಿ ಮುಚ್ಚುತ್ತದೆ, ಮುಂದಿನ ಹೇಳಿಕೆಯೂ ಕೆಡುತ್ತದೆ. 2012ರ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ) ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂನಲ್ಲಿ 6 ತಿಂಗಳವರೆಗೆ ಜೈಲು. ಕೈಕೆಳಗಿನವರ ಕೃತ್ಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಕಾಯ್ದೆಯಲ್ಲೇ ರಕ್ಷಣೆ ಇದೆ. ಮಕ್ಕಳ ಸಹಾಯವಾಣಿ 1098ಕ್ಕೆ ಹೆಸರು ಹೇಳದೆಯೂ ಫೋನ್ ಮಾಡಬಹುದು, ತುರ್ತಿದ್ದರೆ 112.

ಕೇಳಿದವರು: ಸುಳ್ಳು ಚೀಟಿ ಹಾಕಿ ಯಾರದರ ಹೆಸರು ಕೆಡಿಸಿದ್ರ?

ವಿಜಯಪುರ: ಸಣ್ಣಪುಟ್ಟ ದೂರಿನಲ್ಲಿ ಒಂದು ಚೀಟಿ ನೋಡಿ ತೀರ್ಪು ಕೊಡಬೇಡಿ, ಎಲ್ಲಿ ಕಣ್ಣಿಡಬೇಕು ಎನ್ನುವುದಕ್ಕಷ್ಟೇ ಬಳಸಿ. ಪೋಕ್ಸೊ ವಿಷಯದಲ್ಲಿ ನಿಜವೋ ಸುಳ್ಳೋ ನೋಡುವುದು ಪೊಲೀಸರ ಕೆಲಸ. ಬರೆದವರನ್ನು ಹುಡುಕಲು ನೋಟ್‌ಬುಕ್ ತಿರುವಿಹಾಕಿದರೆ ಮರುವಾರದಿಂದ ಬರೀ ಖಾಲಿ ಚೀಟಿ ಬೀಳುತ್ತವೆ.

ಅಥಣಿ: ಮೊದಲಿಗೆ ಬರೂವು ಸಣ್ಣ ಮಾತ ರೀ. ಹುಡುಗ್ಯಾರ ಶೌಚಾಲಯಕ್ಕ ಚಿಲಕಿಲ್ಲ, ಹಾದ್ಯಾಗ ನಾಯಿ ಅದಾವ, ಇಂಥವು. ಅವನ್ನ ವಾರದೊಳಗ ಮಾಡಿ ಮುಗಸ್ರಿ, ಸೋಮವಾರ ಪ್ರಾರ್ಥನಾದಾಗ "ಚಿಲಕ ಹಾಕೇವಿ" ಅಂತ ಹೇಳ್ರಿ. ಇದು ಕಂಡಮ್ಯಾಲನ ದೊಡ್ಡ ಮಾತು ಹೊರಗ ಬರ್ತಾವ.

ಊರವರ ಕೆಲಸ ಬ್ಯಾರೆ ಐತಿ. ಕಬ್ಬಿನ ಹಂಗಾಮಿನ್ಯಾಗ ಸಾಲಿ ಕೂಡೂ ಬಿಡೂ ಹೊತ್ತಿಗೆ ಅರ್ಧ ತಾಸು ಇಬ್ಬರು ಪಾಲಕರು ಪಾಳಿ ಮ್ಯಾಲ ರಸ್ತೆಕ್ಕ ನಿಲ್ಲಬೇಕು. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿನ ಕೊಂಡಿ ನಡುವ ಹುಡುಗರು ನುಸುಳಿದ್ರ ಡ್ರೈವರಗ ಕಾಣಸೂದಿಲ್ಲ. ಸಾಲಿಯಿಂದ 100 ಗಜದೊಳಗ ಗುಟಕಾ, ಬೀಡಿ ಮಾರಾಕ 2003ರ ತಂಬಾಕು ಕಾಯ್ದೆಯೊಳಗ ಅವಕಾಶಿಲ್ಲ. ಅಂಗಡಿಯವರ ಜೋಡಿ ಜಗಳ ಬ್ಯಾಡ, ಪಿಡಿಒಗೆ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಬರದುಕೊಟ್ಟು ಪೋಚ್ (ಮುಟ್ಟಿದ್ದಕ್ಕ ರಸೀದಿ) ತಗೊಳ್ರಿ.

ಯಾವದರ ಹುಡುಗಿ ಮದುವಿ ಸುದ್ದಿ ಚೀಟಿಯೊಳಗ ಬಂದ್ರ ಅಕ್ಕಿಕಾಳು ಬೀಳೂದರೊಳಗ ಸಿಡಿಪಿಒಗೆ (ತಾಲೂಕಿನ ಶಿಶು ಅಭಿವೃದ್ಧಿ ಅಧಿಕಾರಿ) ಇಲ್ಲಾ 1098ಕ್ಕ ಮುಟ್ಟಸ್ರಿ. ಆ ನಂಬರ ಪೆಟ್ಟಿಗಿ ಮ್ಯಾಲ, ಬಸ್‌ಸ್ಟ್ಯಾಂಡ್ ಗ್ವಾಡಿ ಮ್ಯಾಲ ದೊಡ್ಡದಾಗಿ ಬರಸ್ರಿ. ಮದುವಿ ಹೆಚ್ಚಾಗೂದು ಬ್ಯಾಸಿಗಿ ಸೂಟಿಯೊಳಗ, ಆವಾಗ ಪೆಟ್ಟಿಗಿ ತೆರೆಯವರು ಯಾರೂ ಇರೂದಿಲ್ಲ.